ನಿಸ್ತಂತು ಸಾಧನಗಳಲ್ಲಿ ಬಸ್ಸಿನ ಪರಿಷ್ಕರಣ ನಿರ್ಣಯ: ಒಂದು ಸಾಕ್ಷ್ಯವಿಮರ್ಶೆ

ಗಣಕಯಂತ್ರದ ಒಳಗಿನ ಒಂದು ಸಣ್ಣ ಸಮಸ್ಯೆಯನ್ನು ಇತಿಹಾಸದ ಅಧ್ಯಾಪಕರು ಚರ್ಚಿಸಹೊರಟಿರುವುದು ಕೆಲವು ಓದುಗರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಸಮಸ್ಯೆಯ ಸ್ವರೂಪವನ್ನು ಅರಿತ ಮೇಲೆ ಇದು ನಮ್ಮ ಶಾಸ್ತ್ರಕ್ಕೆ ಪರಕೀಯವಾದುದಲ್ಲವೆಂದು ಅವರೇ ಒಪ್ಪುವರೆಂದು ನಂಬಿದ್ದೇವೆ. ತನ್ನ ಕಾಲವನ್ನು ತಾನೇ ಹೇಳಿಕೊಳ್ಳುವ ದಾಖಲೆಯೊಂದು ಕೈಗೆ ಬಂದಾಗ ಅದರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾವ ಅನ್ಯ ಸಾಕ್ಷ್ಯದಿಂದ ಅದನ್ನು ಒರೆಗೆ ಹಚ್ಚಬೇಕು ಎಂಬುದು ಶಾಸನಾಧ್ಯಯನದಲ್ಲಿ ನಿತ್ಯವೂ ಎದುರಾಗುವ ಪ್ರಶ್ನೆ. ಮಡಿಕೇರಿಯ ತಾಮ್ರಪಟಗಳು ತಮ್ಮನ್ನು ೩೮೮ನೆಯ ವರ್ಷದವೆಂದು ಹೇಳಿಕೊಳ್ಳುತ್ತವೆ. ಆದರೆ ಅದು ಯಾವ ಶಕೆಯ ವರ್ಷವೆಂಬುದನ್ನು ಹೇಳುವುದಿಲ್ಲ. ಶಾಲಿವಾಹನ ಶಕವೆಂದು ಹಿಡಿದರೆ ಕ್ರಿ.ಶ. ೪೬೬ ಆಗುತ್ತದೆ. ಅಕ್ಷರಗಳ ರೂಪವಾದರೋ ಅದಕ್ಕಿಂತ ಬಹಳ ಈಚಿನದು. ಆ ಕಾರಣದಿಂದಲೇ ಫ್ಲೀಟ್ ಮೊದಲಾದ ವಿದ್ವಾಂಸರು ಅವನ್ನು ಕೂಟಶಾಸನವೆಂದು ಭಾವಿಸಿದರು. ನಿಸ್ತಂತು ಸಾಧನಗಳಿಗೆ ಚಾಲಕ ತಂತ್ರಾಂಶವನ್ನು ಬರೆಯುವವರು ಎದುರಿಸಿದ ಪ್ರಶ್ನೆಯೂ ಇದೇ ಜಾತಿಯದು. ವ್ಯತ್ಯಾಸವಿಷ್ಟೆ: ನಮ್ಮ ನಿರ್ಣಯ ತಪ್ಪಿದರೆ ಒಂದು ಪ್ರಬಂಧ ಕೆಡುತ್ತದೆ, ಅವರ ನಿರ್ಣಯ ತಪ್ಪಿದರೆ ಯಂತ್ರವೇ ಸ್ತಬ್ಧವಾಗಬಹುದು.

ಮೊದಲು ಪರಿಭಾಷೆಯನ್ನು ಸ್ವಲ್ಪ ಸ್ಪಷ್ಟಪಡಿಸಿಕೊಳ್ಳಬೇಕು. ಗಣಕದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಂಕೇತಗಳನ್ನು ಒಯ್ಯುವ ಸಮಾನ ಮಾರ್ಗಕ್ಕೆ ಬಸ್ ಎಂದು ಹೆಸರು. ರಸ್ತೆಯ ಮೇಲಿನ ಬಸ್ಸಿಗೂ ಇದಕ್ಕೂ ಮೂಲಪದ ಒಂದೇ, ‘ಎಲ್ಲರಿಗಾಗಿ’ ಎಂಬ ಅರ್ಥದ ಲ್ಯಾಟಿನ್ ಭಾಷೆಯ ಒಮ್ನಿಬಸ್. ಸಾಧನವನ್ನು ನಡೆಸುವ ತಂತ್ರಾಂಶಕ್ಕೆ ಚಾಲಕವೆಂಬ ಹೆಸರೂ ಇರುವುದರಿಂದ ಮೊದಲ ಬಾರಿಗೆ ಕೇಳುವ ವಿದ್ಯಾರ್ಥಿಗಳು ನಗುವುದುಂಟು. ನಗಲಿ, ಪದಗಳು ಅದರಿಂದಲೇ ನೆನಪಿನಲ್ಲಿ ಉಳಿಯುತ್ತವೆ. ಚಿಪ್ಪಿನ ಒಳಗೆ ರೇಡಿಯೋ ಸಂಪರ್ಕ, ತಂತಿಯ ಸಂಪರ್ಕ, ಹೊರಗಿನ ಗಣಕದೊಡನೆ ಸಂಪರ್ಕ ಎಂಬ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಘಟಕಗಳಿರುತ್ತವೆ. ಇವಕ್ಕೆ ಕೋರ್ ಎಂದು ಹೆಸರು. ಒಂದೊಂದು ಕೋರಿನಲ್ಲಿಯೂ ರಿಜಿಸ್ಟರುಗಳೆಂಬ ಸ್ಥಾನಗಳಿವೆ. ನಾವಿಲ್ಲಿ ವಿಚಾರಿಸುವ ರಿಜಿಸ್ಟರುಗಳಲ್ಲಿ ೩೨ ಬಿಟ್ಟುಗಳು, ಅಂದರೆ ೩೨ ಸೊನ್ನೆ-ಒಂದುಗಳು, ಇರುತ್ತವೆ. ತಯಾರಕರು ಅದೇ ಘಟಕವನ್ನು ತಿದ್ದಿ ಮತ್ತೆ ಅಚ್ಚುಹಾಕಿದಾಗಲೆಲ್ಲ ಅದಕ್ಕೊಂದು ಪರಿಷ್ಕರಣ ಸಂಖ್ಯೆಯನ್ನು ಕೊಡುತ್ತಾರೆ. ಹೊರಗಿನ ಹೆಸರು ಬದಲಾಗದೆ ಒಳಗಿನ ನಡವಳಿಕೆ ಮಾತ್ರ ಬದಲಾಗುವುದು ಈ ವ್ಯವಹಾರದಲ್ಲಿ ಸಾಮಾನ್ಯ ಸಂಗತಿ.

ಇಲ್ಲಿ ನಾವು ವಿಚಾರಿಸುವ ನಿದರ್ಶನ ಅಮೆರಿಕದ ಬ್ರಾಡ್‌ಕಾಮ್ ಸಂಸ್ಥೆಯ ನಿಸ್ತಂತು ಚಿಪ್ಪುಗಳಿಗೂ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಗೂ ಸಂಬಂಧಪಟ್ಟುದು. ಆ ಚಿಪ್ಪುಗಳ ಒಳರಚನೆಯ ವಿವರಗಳು ಆ ಕಾಲದಲ್ಲಿ ಸಾರ್ವಜನಿಕರಿಗೆ ದೊರೆಯುತ್ತಿರಲಿಲ್ಲ. ಆದುದರಿಂದ ಸ್ವಯಂಪ್ರೇರಿತರಾದ ಕೆಲವರು, ಮನೆಬಳಕೆಯ ರೌಟರುಗಳಲ್ಲಿ ಬರುತ್ತಿದ್ದ ಚಾಲಕದ ಯಂತ್ರಭಾಷೆಯ ರೂಪವನ್ನು ಬಿಡಿಸಿ ಓದಿ, ಅದರಿಂದ ತಿಳಿದುದನ್ನು ಸಾಮಾನ್ಯ ಭಾಷೆಯ ವಿವರಣೆಯಾಗಿ ಬರೆದಿಟ್ಟರು. ಆ ವಿವರಣೆಯನ್ನು ಮಾತ್ರ ಆಧಾರವಾಗಿಟ್ಟುಕೊಂಡು, ಮೂಲವನ್ನು ಕಣ್ಣೆತ್ತಿಯೂ ನೋಡದ ಇನ್ನೊಂದು ತಂಡದವರು ಹೊಸ ಚಾಲಕವನ್ನು ರಚಿಸಿದರು. ನಕಲುಮಾಡಿದ ಆರೋಪ ಬರದಂತೆ ಕೈಗೊಂಡ ಕ್ರಮವಿದು. ಹೀಗೆ ಹುಟ್ಟಿದ ಚಾಲಕವು ೨೦೦೬ರ ಜೂನಿನಲ್ಲಿ ಹೊರಬಂದ ಲಿನಕ್ಸ್ ೨.೬.೧೭ರಲ್ಲಿ ಸೇರಿತು. ೨೦೦೮ರ ಜನವರಿಯ ೨.೬.೨೪ರಲ್ಲಿ ಅದು ಬಿ೪೩, ಬಿ೪೩ಲೆಗಸಿ ಎಂಬ ಎರಡು ಚಾಲಕಗಳಾಗಿ ಒಡೆದು, ಬಸ್ಸಿಗೆ ಸಂಬಂಧಿಸಿದ ಭಾಗವು ಎಸ್‌ಎಸ್‌ಬಿ ಎಂಬ ಪ್ರತ್ಯೇಕ ವಿಭಾಗವಾಯಿತು. ಎಸ್‌ಎಸ್‌ಬಿ ಎಂದರೆ ಸಾನಿಕ್ಸ್ ಸಿಲಿಕಾನ್ ಬ್ಯಾಕ್‌ಪ್ಲೇನ್; ಸಾನಿಕ್ಸ್ ಎಂಬ ಸಂಸ್ಥೆ ರೂಪಿಸಿದ, ಚಿಪ್ಪಿನೊಳಗೇ ಇರುವ ಬಸ್ಸು. ಗ್ರಂಥಕರ್ತನನ್ನು ಕೇಳುವ ಅವಕಾಶವಿಲ್ಲದೆ ಕೇವಲ ಗ್ರಂಥದಿಂದಲೇ ಗ್ರಂಥದ ಪಾಠವನ್ನು ನಿರ್ಣಯಿಸಬೇಕಾದ ಸ್ಥಿತಿ ಆ ತಂಡದವರದಾಗಿತ್ತೆಂಬುದನ್ನು ಓದುಗರು ಮುಂದಿನ ವಿಚಾರದುದ್ದಕ್ಕೂ ನೆನಪಿನಲ್ಲಿಡಬೇಕು.

ತಾಳೆಯೋಲೆಯ ಗ್ರಂಥಗಳಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಬರೆದ ಕಾಲವನ್ನೂ ಕೊನೆಯ ಗರಿಯಲ್ಲಿ ನಮೂದಿಸುವ ಪದ್ಧತಿ ಉಂಟಷ್ಟೆ. ಈ ಬಸ್ಸಿನಲ್ಲಿಯೂ ವಿಲಕ್ಷಣವಾಗಿ ಅದೇ ಪದ್ಧತಿ ಕಂಡುಬರುತ್ತದೆ. ಒಂದೊಂದು ಕೋರಿಗೂ ೪೦೯೬ ಬೈಟುಗಳ ವಿಸ್ತಾರವಿದ್ದು, ಅದರ ಕೊನೆಯ ಎಂಟು ಬೈಟುಗಳಲ್ಲಿ ಎರಡು ಪರಿಚಯ ರಿಜಿಸ್ಟರುಗಳಿವೆ. ಮೊದಲನೆಯದರ ಮೇಲುತುದಿಯ ನಾಲ್ಕು ಬಿಟ್ಟುಗಳು ಬಸ್ಸಿನ ಪರಿಷ್ಕರಣವನ್ನು ಹೇಳುತ್ತವೆ. ಎರಡನೆಯದು ಕೋರನ್ನು ತಯಾರಿಸಿದವರ ಸಂಕೇತ, ಕೋರಿನ ಜಾತಿ, ಅದರ ಪರಿಷ್ಕರಣ ಇವನ್ನು ಹೇಳುತ್ತದೆ. ರೇಡಿಯೋ ಕೋರಿನ ಜಾತಿಸಂಖ್ಯೆ ಷೋಡಶಮಾನದಲ್ಲಿ ೮೧೨. ಚಿಪ್ಪಿನ ಸಾಮಾನ್ಯ ವ್ಯವಹಾರಗಳನ್ನು ನೋಡಿಕೊಳ್ಳುವ ‘ಚಿಪ್‌ಕಾಮನ್’ ಕೋರಿನದು ೮೦೦. ಪಿಸಿಐ ಕಾರ್ಡಿನಲ್ಲಿ ಹೊರಗಿನ ಗಣಕಕ್ಕೆ ಒಮ್ಮೆಗೆ ಒಂದೇ ಕೋರು ಒಂದು ಕಿಟಕಿಯ ಮೂಲಕ ಕಾಣುತ್ತದೆ. ಚಾಲಕವು ಕಿಟಕಿಯನ್ನು ಸರಿಸುತ್ತ ಕೋರುಗಳನ್ನು ಒಂದೊಂದಾಗಿ ಓದಬೇಕು. ಕಿಟಕಿಯನ್ನು ಸರಿಸಿದೆನೆಂದ ಮಾತ್ರಕ್ಕೆ ಅದು ಸರಿಯಿತೆಂದು ಎಸ್‌ಎಸ್‌ಬಿ ನಂಬುವುದಿಲ್ಲ. ಈಗ ಎಲ್ಲಿದೆಯೆಂದು ಮರಳಿ ಓದಿ ನೋಡಿ, ಸರಿಯದಿದ್ದರೆ ಮತ್ತೆ ಪ್ರಯತ್ನಿಸುತ್ತದೆ. ಪಿಸಿಐ ಬಸ್ಸಿನಲ್ಲಿ ಉತ್ತರ ಕೊಡಬೇಕಾದ ಸಾಧನವೇ ಇಲ್ಲದಿದ್ದರೆ ಓದಿದ ಸ್ಥಾನದಲ್ಲೆಲ್ಲ ಒಂದುಗಳೇ ಕಾಣಿಸುತ್ತವೆಂಬುದನ್ನು ಗಮನಿಸಿದರೆ ಈ ಎಚ್ಚರಿಕೆ ಅತಿಯಾದುದೆಂದು ತೋರದು. ಅಲ್ಲಿ ಮೌನವೂ ಉತ್ತರದ ವೇಷದಲ್ಲಿ ಬರುತ್ತದೆ.

ಸಂಖ್ಯೆ ದೊರೆತರೂ ಅದನ್ನು ಓದುವ ಕ್ರಮ ತಿಳಿದಿರಬೇಕು. ಕೋರಿನ ಪರಿಷ್ಕರಣವು ಒಂದೇ ಕಡೆ ಇಲ್ಲ. ರಿಜಿಸ್ಟರಿನ ಕೆಳತುದಿಯಲ್ಲಿ ನಾಲ್ಕು ಬಿಟ್ಟುಗಳು, ಅವುಗಳಿಂದ ದೂರದಲ್ಲಿ ಬೇರೆ ಮೂರು ಬಿಟ್ಟುಗಳು. ಎರಡನ್ನೂ ಕೂಡಿಸಿದಾಗ ಮಾತ್ರ ಪೂರ್ಣಸಂಖ್ಯೆ ದೊರೆಯುತ್ತದೆ. ನಾಲ್ಕು ಬಿಟ್ಟುಗಳಲ್ಲಿ ೧೫ಕ್ಕಿಂತ ಹೆಚ್ಚಿನ ಸಂಖ್ಯೆ ಹಿಡಿಸದು. ಮೊದಲು ನಾಲ್ಕೇ ಸಾಕೆಂದೆಣಿಸಿ, ಪರಿಷ್ಕರಣಗಳು ಹೆಚ್ಚಿದಾಗ ಉಳಿದ ಮೂರನ್ನು ಎಲ್ಲಿಯೋ ತೆರವಿದ್ದೆಡೆ ಸೇರಿಸಿದರೆಂದು ಈ ವಿನ್ಯಾಸದಿಂದ ನಾವು ಊಹಿಸುತ್ತೇವೆ. ಕೆಳಗಿನ ನಾಲ್ಕನ್ನೇ ಓದುವವನಿಗೆ ೧೬ನೆಯ ಪರಿಷ್ಕರಣವು ಸೊನ್ನೆಯಾಗಿಯೂ ೧೭ನೆಯದು ಒಂದಾಗಿಯೂ ಕಾಣುವುದು. ಶಕವರ್ಷವನ್ನು ಹೇಳದೆ ಸಂವತ್ಸರದ ಹೆಸರನ್ನಷ್ಟೇ ಹೇಳುವ ವೀರಗಲ್ಲುಗಳನ್ನು ಕಂಡವರಿಗೆ ಈ ತೊಡಕು ಹೊಸದಲ್ಲ: ಪ್ರಭವವೆಂಬುದು ಅರುವತ್ತು ವರ್ಷಗಳಿಗೊಮ್ಮೆ ಮರಳಿ ಬರುತ್ತದೆ, ಯಾವ ಪ್ರಭವವೆಂಬುದನ್ನು ಬೇರೆ ಆಧಾರದಿಂದಲೇ ತಿಳಿಯಬೇಕು.

ಬಸ್ಸಿನ ಪರಿಷ್ಕರಣದಲ್ಲಿ ತೊಡಕು ಇನ್ನೊಂದು ಬಗೆಯದು. ಆ ನಾಲ್ಕು ಬಿಟ್ಟುಗಳಲ್ಲಿ ಸೊನ್ನೆಯಿದ್ದರೆ ೨.೨ನೆಯ ಪರಿಷ್ಕರಣ, ಒಂದಿದ್ದರೆ ೨.೩. ಇಷ್ಟನ್ನು ಕಂಡವರು ಎರಡನ್ನು ಕೂಡಿಸಿಕೊಳ್ಳುವುದೇ ಸೂತ್ರವೆಂದು ಭಾವಿಸಿ, ನಾಲ್ಕು ಕಂಡಾಗ ೨.೬ ಎಂದು ನಿರ್ಣಯಿಸುವುದು ಸಹಜ. ವಸ್ತುತಃ ನಾಲ್ಕು ಎಂದರೆ ೨.೪, ಐದು ಎಂದರೆ ೨.೫, ಹೀಗೆ ಏಳರವರೆಗೆ. ನಡುವಿನ ಎರಡು, ಮೂರು ಎಂಬ ಅಂಕಗಳಿಗೆ ಚಾಲಕದ ಪಟ್ಟಿಯಲ್ಲಿ ಅರ್ಥವೇ ಇಲ್ಲ. ಎರಡು ಉದಾಹರಣೆಗಳಿಂದ ಸೂತ್ರವನ್ನು ಕಟ್ಟುವ ಚಾಪಲ್ಯ ನಮ್ಮ ಸಂಶೋಧಕರಲ್ಲಿಯೂ ಇಲ್ಲದಿಲ್ಲ.

ಪರಿಷ್ಕರಣದ ಭೇದದಿಂದ ಏನು ಪರಿಣಾಮವೆಂಬುದಕ್ಕೆ ಬಿಸಿಎಂ ೪೩೦೬ ಎಂಬ ಚಿಪ್ಪು ಒಳ್ಳೆಯ ದೃಷ್ಟಾಂತ. ಇದರ ಎರಡನೆಯ ಹಾಗೂ ಮೂರನೆಯ ಪರಿಷ್ಕರಣಗಳೆರಡೂ ಪಿಸಿಐ ಬಸ್ಸಿನ ಮೇಲೆ ಷೋಡಶಮಾನದ ೪೩೨೦ ಎಂಬ ಒಂದೇ ಸಾಧನಸಂಖ್ಯೆಯನ್ನು ಹೇಳಿಕೊಳ್ಳುತ್ತವೆ. ಆದರೆ ಒಳಗಿನ ರೇಡಿಯೋ ಕೋರಿನ ಪರಿಷ್ಕರಣ ಎರಡನೆಯದರಲ್ಲಿ ೪, ಮೂರನೆಯದರಲ್ಲಿ ೫. ಕೋರಿನ ೨ ಮತ್ತು ೪ನೆಯ ಪರಿಷ್ಕರಣಗಳಿಗೆ ಬಿ೪೩ಲೆಗಸಿ, ೫ರಿಂದ ಮುಂದಿನವಕ್ಕೆ ಬಿ೪೩ ಎಂದು ಚಾಲಕಗಳನ್ನು ವಿಂಗಡಿಸಿದ್ದಾರೆ. ಚಿಪ್ಪಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಕೂಡ ಒಂದಕ್ಕೆ ೩ನೆಯ ಶ್ರೇಣಿಯದು, ಇನ್ನೊಂದಕ್ಕೆ ೪ನೆಯದು. ಒಂದೇ ಹೆಸರಿನ ಎರಡು ಕಾರ್ಡುಗಳಿದ್ದು, ಒಬ್ಬನಿಗೆ ನೆರವಾದ ಸಲಹೆ ಇನ್ನೊಬ್ಬನಿಗೆ ನಿಷ್ಪ್ರಯೋಜಕವಾಗುವುದರ ಕಾರಣವನ್ನು ಇಲ್ಲಿ ಹುಡುಕಬೇಕು. ಹೊರಗಿನ ಸಂಖ್ಯೆ ವಂಶನಾಮವಿದ್ದಂತೆ. ವ್ಯಕ್ತಿಯನ್ನು ಅದು ಗುರುತಿಸದು.

ಚಿಪ್ಪಿನಲ್ಲಿ ಎಷ್ಟು ಕೋರುಗಳಿವೆಯೆಂಬ ಪ್ರಶ್ನೆಗೂ ಉತ್ತರ ಒಂದೇ ವಿಧವಾಗಿ ದೊರೆಯುವುದಿಲ್ಲ. ಚಿಪ್‌ಕಾಮನ್ ಕೋರಿನ ಪರಿಷ್ಕರಣ ೪ ಅಥವಾ ಅದಕ್ಕಿಂತ ಮೇಲಿದ್ದರೆ ಸಂಖ್ಯೆಯನ್ನು ಆ ಕೋರೇ ಹೇಳುತ್ತದೆ. ಅದಕ್ಕಿಂತ ಹಳೆಯದಾದರೆ ಚಾಲಕವನ್ನು ಬರೆದವರು ಕೈಯಿಂದ ಸಿದ್ಧಪಡಿಸಿಟ್ಟ ಕೋಷ್ಟಕವೇ ಗತಿ: ೪೩೦೬ಕ್ಕೆ ಆರು, ೪೩೦೧ಕ್ಕೆ ಐದು, ೪೪೦೨ಕ್ಕೆ ಮೂರು, ೪೭೧೦ಕ್ಕೆ ಒಂಬತ್ತು. ಇನ್ನು ಕೋರು ಇದೆಯೆಂದು ತಾನೇ ಸಾರಿಕೊಂಡರೂ ಅದು ಉಪಯೋಗಕ್ಕೆ ಬರುವುದೆಂಬ ಭರವಸೆಯಿಲ್ಲ. ಕೆಲವು ಚಿಪ್ಪುಗಳಲ್ಲಿ ಎರಡನೆಯ ರೇಡಿಯೋ ಕೋರು ಇದ್ದರೂ ಅದರ ಪಿನ್ನುಗಳು ಯಾವುದಕ್ಕೂ ಜೋಡಣೆಯಾಗಿರುವುದಿಲ್ಲ. ನಿಸ್ತಂತು ಕಾರ್ಡುಗಳಲ್ಲಿ ತಂತಿಜಾಲದ ಕೋರೊಂದು ಇದೇ ರೀತಿ ಅನಾಥವಾಗಿ ಉಳಿದಿರುವುದೂ ಉಂಟು. ಪರಿಚಯ ರಿಜಿಸ್ಟರನ್ನು ಕೇಳಿದರೆ ಅವೆಲ್ಲವೂ ಯಥೋಚಿತವಾಗಿ ಉತ್ತರ ಕೊಡುತ್ತವೆ. ಚಾಲಕವು ಅವುಗಳ ಮಾತನ್ನು ಕೇಳಿಕೊಂಡು, ಸಾಧನದ ಇತರ ಲಕ್ಷಣಗಳನ್ನು ನೋಡಿ, ಅವನ್ನು ಗಣನೆಯಿಂದ ಬಿಟ್ಟುಬಿಡುತ್ತದೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಎಸ್‌ಪ್ರಾಮ್ ಎಂಬ ಶಾಶ್ವತ ಸ್ಮೃತಿಯ ಪ್ರಕರಣ. ಕಾರ್ಡಿನ ವಿಳಾಸ, ಪ್ರಸಾರಶಕ್ತಿಯ ಮಿತಿ ಮುಂತಾದುವು ಇದರಲ್ಲಿರುತ್ತವೆ. ಪರಿಷ್ಕರಣಕ್ಕೆ ಅನುಸಾರವಾಗಿ ಅವುಗಳ ಸ್ಥಾನ ಬದಲಾಗುತ್ತದೆ. ಪರಿಷ್ಕರಣ ಸಂಖ್ಯೆ ಇರುವುದು ಈ ಸ್ಮೃತಿಯ ಕಟ್ಟಕಡೆಯ ಪದದಲ್ಲಿ. ಕಟ್ಟಕಡೆ ಎಲ್ಲಿಯೆಂದು ತಿಳಿಯಬೇಕಾದರೆ ಉದ್ದ ತಿಳಿದಿರಬೇಕು. ಉದ್ದವಾದರೋ ಪರಿಷ್ಕರಣವನ್ನು ಅವಲಂಬಿಸಿದೆ. ೧, ೨, ೩ನೆಯ ಪರಿಷ್ಕರಣಗಳಲ್ಲಿ ೬೪ ಪದಗಳು, ೪ರಿಂದ ಮುಂದೆ ೨೨೦. ನೈಯಾಯಿಕರು ಅನ್ಯೋನ್ಯಾಶ್ರಯವೆಂದು ಕರೆಯುವ ದೋಷ ಇಲ್ಲಿ ತಾಮ್ರದ ಗೆರೆಗಳಲ್ಲಿಯೇ ಕೊರೆದಿಟ್ಟಂತಿದೆ. ಇದರಿಂದ ಪಾರಾಗಲು ಚಾಲಕವು ಅನುಸರಿಸಿದ ಉಪಾಯ ಇದು. ಆ ಕೊನೆಯ ಪದದಲ್ಲಿಯೇ ಪರಿಷ್ಕರಣದ ಪಕ್ಕಕ್ಕೆ, ಹಿಂದಿನ ಅಕ್ಷರಗಳನ್ನೆಲ್ಲ ಲೆಕ್ಕಹಾಕಿ ತೆಗೆದ ಒಂದು ತಾಳೆಸಂಖ್ಯೆ ಇದೆ. ಮೊದಲು ಉದ್ದ ೬೪ ಎಂದು ಹಿಡಿದು ಲೆಕ್ಕಮಾಡುವುದು. ತಾಳೆಯಾದರೆ ಆ ಉದ್ದವೇ ನಿಜ. ತಾಳೆಯಾಗದಿದ್ದರೆ ೨೨೦ ಎಂದು ಹಿಡಿದು ಮತ್ತೆ ಲೆಕ್ಕಮಾಡುವುದು. ಹೀಗೆ ಉದ್ದ ಸಿದ್ಧವಾದ ಮೇಲಷ್ಟೇ ಪರಿಷ್ಕರಣವನ್ನು ಓದುವುದು. ದಾಖಲೆಯ ಅಖಂಡತೆ ಮೊದಲು, ಅದರ ಸ್ವಕಾಲನಿರ್ದೇಶ ಆಮೇಲೆ ಎಂಬ ಈ ಕ್ರಮವನ್ನು ನಮ್ಮ ತರಗತಿಗಳಲ್ಲಿ ಎಷ್ಟು ಬಾರಿ ಹೇಳಿದರೂ ವಿದ್ಯಾರ್ಥಿಗಳು ಮೊದಲು ತೇದಿಯ ಸಾಲಿಗೇ ಕೈಹಾಕುತ್ತಾರೆ.

ತಾಳೆಯಾದ ಮೇಲೂ ಆ ಸಂಖ್ಯೆ ಸುಳ್ಳಾಗಿರಬಹುದು. ಇದೇ ಬಸ್ಸನ್ನು ಬಳಸುವ ೪೪ ಎಂಬ ಅಂಕದಿಂದ ಮೊದಲಾಗುವ ತಂತಿಜಾಲದ ಚಿಪ್ಪುಗಳ ಎಸ್‌ಪ್ರಾಮಿನಲ್ಲಿ ಪರಿಷ್ಕರಣದ ಸ್ಥಾನದಲ್ಲಿರುವ ಸಂಖ್ಯೆಯು ಒಳಗಿನ ವಿನ್ಯಾಸಕ್ಕೆ ಹೊಂದುವುದಿಲ್ಲ. ಚಾಲಕವನ್ನು ಬರೆದವರು ಆ ಸ್ಥಳದಲ್ಲಿ ಒಂದು ಖಾರವಾದ ಟಿಪ್ಪಣಿಯನ್ನು ಹಾಕಿ, ಇಂಥ ಚಿಪ್ಪು ಏನೇ ಹೇಳಲಿ ಅದನ್ನು ಒಂದನೆಯ ಪರಿಷ್ಕರಣವೆಂದೇ ಓದತಕ್ಕದ್ದೆಂದು ವಿಧಿಸಿದ್ದಾರೆ. ಪ್ರತಿಯೊಂದರ ವಿನ್ಯಾಸ ಒಂದನೆಯದಾಗಿರುವಾಗ ತೇದಿಯ ಸಾಲು ಬೇರೇನನ್ನು ಹೇಳಿದರೂ ವಿನ್ಯಾಸಕ್ಕೇ ಪ್ರಾಮಾಣ್ಯ. ಫ್ಲೀಟರು ತಾಮ್ರಪಟದ ವಿಷಯದಲ್ಲಿ ಮಾಡಿದ್ದೂ ಇದನ್ನೇ.

ಮುಂದೆ ತಯಾರಕರು ಬಸ್ಸನ್ನೇ ಬದಲಾಯಿಸಿದರು. ಹೊಸ ಚಿಪ್ಪುಗಳಲ್ಲಿ ಸಾನಿಕ್ಸ್ ಬಸ್ಸಿಗೆ ಬದಲಾಗಿ ಆಂಬಾ ಎಂಬ ಕುಲಕ್ಕೆ ಸೇರಿದ ಎಎಕ್ಸ್‌ಐ ಬಸ್ಸು ಬಂದಿತು. ೨೦೧೦ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ಸಂಸ್ಥೆಯೇ ತನ್ನ ಕೆಲವು ಹೊಸ ಚಿಪ್ಪುಗಳಿಗೆ ಮುಕ್ತ ಚಾಲಕವನ್ನು ಪ್ರಕಟಿಸಿತು. ೨೦೧೧ರ ಜುಲೈಯ ಲಿನಕ್ಸ್ ೩.೦ರಲ್ಲಿ ಈ ಬಸ್ಸಿಗಾಗಿ ಬಿಸಿಎಂಎ ಎಂಬ ಬೇರೆ ವಿಭಾಗ ಸೇರಿತು. ಎರಡು ಬಸ್ಸುಗಳಲ್ಲಿಯೂ ಮೊದಲ ಕೋರು ಒಂದೇ ವಿಳಾಸದಲ್ಲಿ, ಷೋಡಶಮಾನದ ೧೮೦೦೦೦೦೦ದಲ್ಲಿ, ಆರಂಭವಾಗುತ್ತದೆ. ಅಲ್ಲಿಯ ಮೊದಲ ರಿಜಿಸ್ಟರಿನ ಮೇಲುತುದಿಯ ನಾಲ್ಕು ಬಿಟ್ಟುಗಳಲ್ಲಿ ಸೊನ್ನೆಯಿದ್ದರೆ ಹಳೆಯ ಬಸ್ಸು, ಒಂದಿದ್ದರೆ ಹೊಸದು. ಹೊಸ ಬಸ್ಸಿನಲ್ಲಿ ಕೋರಿನಿಂದ ಕೋರಿಗೆ ಅಲೆದು ಕೊನೆಯ ಗರಿಯನ್ನು ಹುಡುಕಬೇಕಾಗಿಲ್ಲ. ಎಲ್ಲ ಕೋರುಗಳ ಪಟ್ಟಿಯೂ ಒಂದೇ ಸ್ಥಾನದಲ್ಲಿ ಬರೆದಿಟ್ಟಿದೆ. ಕಡತವನ್ನು ಜೋಡಿಸುವ ಕಲೆ ಸುಧಾರಿಸಿದಂತೆಲ್ಲ ಸಂಶೋಧಕನ ಶ್ರಮ ಕಡಮೆಯಾಗುವುದು ಸಂತೋಷದ ವಿಷಯವೇ.

ಹಳೆಯ ಬಸ್ಸಿನ ಒಂದು ಸಂಗತಿಯನ್ನು ಮಾತ್ರ ಕಡೆಗೆಂದು ಉಳಿಸಿಕೊಂಡಿದ್ದೇವೆ. ಕೋರೊಂದನ್ನು ನಿಲ್ಲಿಸಬೇಕಾದಾಗ ಚಾಲಕವು ಒಮ್ಮೆಗೇ ಅದನ್ನು ನಿಲ್ಲಿಸಕೂಡದು. ಮೊದಲು ಹೊಸ ಬೇಡಿಕೆಗಳನ್ನು ತಿರಸ್ಕರಿಸೆಂದು ಒಂದು ಬಿಟ್ಟಿನ ಮೂಲಕ ಆಜ್ಞಾಪಿಸಬೇಕು. ಆ ಬಿಟ್ಟು ನಿಂತಿತೆಂದು ಓದಿ ಖಚಿತಪಡಿಸಿಕೊಳ್ಳಬೇಕು. ನಡೆಯುತ್ತಿರುವ ವ್ಯವಹಾರ ಮುಗಿಯುವವರೆಗೆ ಕಾಯಬೇಕು. ಬಳಿಕವೇ ಕೋರನ್ನು ಆರಂಭಸ್ಥಿತಿಗೆ ತಳ್ಳಬೇಕು. ಅಂಗಡಿಯವನು ಕದವನ್ನು ಅರ್ಧ ಎಳೆದು, ಒಳಗಿರುವ ಗಿರಾಕಿಗಳನ್ನು ಕಳುಹಿಸಿ, ಆಮೇಲೆ ಬೀಗ ಹಾಕಿದಂತೆ. ಈ ‘ತಿರಸ್ಕಾರ’ದ ಬಿಟ್ಟು ಬಸ್ಸಿನ ೨.೨ನೆಯ ಪರಿಷ್ಕರಣದಲ್ಲಿ ಕೆಳಗಿನಿಂದ ಎರಡನೆಯದು, ೨.೩ರಲ್ಲಿ ಮೂರನೆಯದು. ತಪ್ಪಾದ ಬಿಟ್ಟನ್ನು ಒತ್ತಿದರೆ ಕದ ಎಳೆದಂತಾಗದು. ಗಿರಾಕಿ ಒಳಗಿರುವಾಗಲೇ ಬೀಗ ಬೀಳುವ ಸಂಭವವುಂಟು. ಹಾಗಾದರೆ ೨.೪ರಿಂದ ೨.೭ರವರೆಗಿನ ಪರಿಷ್ಕರಣಗಳಲ್ಲಿ ಯಾವ ಬಿಟ್ಟು?

ಎಸ್‌ಎಸ್‌ಬಿಯನ್ನು ಮೊದಲು ಬರೆದವರಿಗೆ ಇದು ತಿಳಿದಿರಲಿಲ್ಲ, ತಿಳಿದಿರಲಿಲ್ಲವೆಂಬುದನ್ನು ಅವರು ಮುಚ್ಚಿಡಲೂ ಇಲ್ಲ. ಆ ನಾಲ್ಕು ಪರಿಷ್ಕರಣಗಳಿಗೂ ೨.೩ರ ಬಿಟ್ಟನ್ನೇ ಕೊಟ್ಟು, ಸರಿಯಾದ ಬಿಟ್ಟನ್ನು ಇನ್ನೂ ಕಂಡುಹಿಡಿಯಬೇಕಾಗಿದೆ, ಇದು ಕೇವಲ ಊಹೆ ಎಂದು ಪಕ್ಕದಲ್ಲಿ ಬರೆದರು.  ಪಟ್ಟಿಯಲ್ಲಿಲ್ಲದ ಪರಿಷ್ಕರಣವೇನಾದರೂ ಎದುರಾದರೆ ಎಚ್ಚರಿಕೆಯನ್ನು ಮುದ್ರಿಸಿ ಎರಡು ಬಿಟ್ಟುಗಳನ್ನೂ ಒತ್ತುವ ಏರ್ಪಾಡನ್ನು ಮಾಡಿದರು. ಪಾಠ ಸಂದಿಗ್ಧವಾದೆಡೆ ಕಂಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುವ ಶಾಸನಸಂಪಾದಕನಿಗೂ ಹಾಕದೆ ಮುಂದೆ ಸಾಗುವವನಿಗೂ ಇರುವ ಅಂತರವನ್ನು ಬಲ್ಲವರು ಈ ಟಿಪ್ಪಣಿಯ ಬೆಲೆಯನ್ನು ತಿಳಿಯಬಲ್ಲರು. ಚಿಹ್ನೆ ಇದ್ದ ಕಾರಣ ಅನಂತರ ಬಂದವರಿಗೆ ಎಲ್ಲಿ ಅಗೆಯಬೇಕೆಂಬುದು ಗೊತ್ತಿತ್ತು. ಊಹೆಯ ದಿಕ್ಕೇ ತಪ್ಪಾಗಿತ್ತೆಂಬುದು ಆಮೇಲೆ ತಿಳಿದುಬಂದಿತು: ೨.೪ ಮತ್ತು ೨.೬ನೆಯ ಪರಿಷ್ಕರಣಗಳು ತಮಗೆ ಸಮೀಪವಾದ ೨.೩ನ್ನು ಅನುಸರಿಸದೆ ಹಳೆಯ ೨.೨ರ ಬಿಟ್ಟನ್ನೇ ಉಳಿಸಿಕೊಂಡಿದ್ದುವು, ೨.೩ ಒಂದೇ ಅಪವಾದ. ಕಾಲದಲ್ಲಿ ಹತ್ತಿರವಾದುದು ರೂಪದಲ್ಲಿಯೂ ಹತ್ತಿರವಾಗಿರಬೇಕೆಂಬ ನಮ್ಮೆಲ್ಲರ ಸಹಜವಾದ ಎಣಿಕೆ ಇಲ್ಲಿ ಸೋತಿತು. ಚಾಲಕದ ಪಟ್ಟಿಯನ್ನು ಅದರಂತೆ ತಿದ್ದಲಾಯಿತು. ಉಳಿದ ೨.೫, ೨.೭ಗಳಿಗೂ ಈಗ ೨.೨ರ ಬಿಟ್ಟನ್ನೇ ಕೊಟ್ಟಿದ್ದಾರೆ. ಅವುಗಳ ಮುಂದೆ ಮಾತ್ರ ಊಹೆಯೆಂಬ ಆ ಹಳೆಯ ಟಿಪ್ಪಣಿಯನ್ನು ಅಳಿಸದೆ ಹಾಗೆಯೇ ಬಿಟ್ಟರು.